ಸೈಬಾರ್ಗ್ ಓದುವ ಮೊದಲು ಆದಿಕಾಂಡ

ಪ್ರೀತಿಯ ಗೆಳೆಯಾ,

ಅಮೆರಿಕದ ಸ್ತ್ರೀವಾದಿ ಚಿಂತಕಿ ಡಾನಾ ಹ್ಯಾರವೇ 1985ರಲ್ಲಿ ಬರೆದ ಸೈಬಾರ್ಗ್ ಪ್ರಣಾಳಿಕೆ ಹಿಡಿದು ಕೂತಿದ್ದೀಯಂತೆ. ಸೈಬಾರ್ಗ್ ಅಂದರೆ ಅರ್ಧ ಜೀವಿ, ಅರ್ಧ ಯಂತ್ರ. ಮೊದಲು ಬೈಬಲಿನ ಆದಿಕಾಂಡದ 2 ಮತ್ತು 3ನೇ ಅಧ್ಯಾಯ, ಅಂದರೆ ದೇವರು ಮಣ್ಣಿನಿಂದ ಆದಾಮನನ್ನು ಮಾಡಿದ, ಹವ್ವ ಹಣ್ಣು ತಿಂದಮೇಲೆ ಇಬ್ಬರನ್ನೂ ಏದೆನ್ ತೋಟದಿಂದ ಹೊರಗಟ್ಟಿದ ಕಥೆ ಓದಿಬಿಡು, ಇಲ್ಲದಿದ್ದರೆ ಅರ್ಧ ಮಾತು ತಲೆ ಮೇಲೆ ಹೋಗುತ್ತೆ. ಆಕೆ ಕ್ಯಾಥೊಲಿಕ್ ಆಗಿ ಬೆಳೆದವಳು. ತಾನು ಮಾಡುತ್ತಿರೋದು ದೇವದೂಷಣೆ, ಧರ್ಮತ್ಯಾಗವಲ್ಲ ಅಂತ ಶುರುವಿನಲ್ಲೇ ಹೇಳುತ್ತಾಳೆ. ದೂಷಣೆಗೆ ಒಳಗಿನವರೇ ಆಗಬೇಕು; ಹೊರಗಿನವರು ಬೈದರೆ ಅದು ಬರೀ ಬೈಗುಳ.

ಆಕೆಯ ಸೈಬಾರ್ಗ್ ಮಣ್ಣಿನಿಂದ ಆದದ್ದಲ್ಲ, ಮಣ್ಣಿಗೆ ಮರಳುವ ಕನಸೂ ಅದಕ್ಕಿಲ್ಲ. ಏದೆನ್ ತೋಟ ಎದುರಿಗೆ ಬಂದರೂ ಗುರುತು ಸಿಗಲ್ಲ. ಸುಮಾರು ಜನ ಎಡವೋದು ಇಲ್ಲೇ: ದೇಹ ಕಳಚಿಟ್ಟು ಯಂತ್ರದೊಳಗೆ ಅಮರರಾಗುವ ಆಸೆ ಇದು ಅಂದುಕೊಳ್ಳುತ್ತಾರೆ. ಆಕೆ ಹೇಳೋದು ಅದರ ಉಲ್ಟಾ. ಕಳೆದುಕೊಂಡ ತೋಟವೇ ಇಲ್ಲ ಅಂದಮೇಲೆ ಅಲ್ಲಿಗೆ ವಾಪಸ್ ಕರೆದೊಯ್ಯುವ ಉದ್ಧಾರಕನೂ ಬೇಡ, ಆ ಉದ್ಧಾರಕ ತಂತ್ರಜ್ಞಾನವಾಗಲಿ, ಪ್ರಕೃತಿಮಾತೆಯಾಗಲಿ. ಹವ್ವಳ ತಲೆಗೆ ಕಟ್ಟಿದ ತಪ್ಪೂ ಜೊತೆಗೇ ಕಳಚಿಬೀಳುತ್ತೆ ಅನ್ನೋದು ನನ್ನ ಓದು.

ಏದೆನ್ ಬಿಟ್ಟವಳು ಪರಮಪ್ರಸಾದವನ್ನು ಬಿಡಲಿಲ್ಲ, ನೋಡು. ಬಲಿಪೂಜೆಯ ರೊಟ್ಟಿ ಕ್ರಿಸ್ತನ ಶರೀರವೇ ಅನ್ನೋದು ಕ್ಯಾಥೊಲಿಕರ ನಂಬಿಕೆ. ಚಿಹ್ನೆ ಬೇರೆ, ಮಾಂಸ ಬೇರೆ ಅಂತ ವಿಂಗಡಿಸೋಕೆ ತನಗೆ ಆಗದಿರೋದು ಆ ಸಂಸ್ಕಾರದಿಂದ ಅಂತ ಆಕೆಯೇ ಒಪ್ಪಿದ್ದಾಳೆ. ಹಾಗಾಗಿಯೇ ಜೀನ್ ಅಂದರೆ ಬರೀ ಮಾಹಿತಿ ಅನ್ನುವವರ ಜೊತೆ ಆಕೆಯ ಜಗಳ.

ಆಕೆಯ 1997ರ ಪುಸ್ತಕದಲ್ಲಿ ಇದು ಕಣ್ಣಿಗೇ ಕಾಣುತ್ತೆ. ಆಂಕೊಮೌಸ್ ಅಂದರೆ ಕ್ಯಾನ್ಸರ್ ತರುವ ಜೀನ್ ಸೇರಿಸಿದ ಇಲಿ. ಹಾರ್ವರ್ಡ್ 1988ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು, ಪರವಾನಗಿ ಡುಪಾಂಟ್ ಕಂಪನಿಗೆ ಹೋಯಿತು. ಹ್ಯಾರವೇ ಚರ್ಚಿಸುವ, ಕಲಾವಿದೆ ಲಿನ್ ರ‍್ಯಾಂಡಾಲ್ಫ್ ಬರೆದ ಚಿತ್ರದಲ್ಲಿ ಆ ಇಲಿಯ ತಲೆಗೆ ಕ್ರಿಸ್ತನಂತೆ ಮುಳ್ಳಿನ ಕಿರೀಟ, ಎದೆಯಲ್ಲಿ ಹೆಣ್ಣಿನ ಮೊಲೆ, ಸುತ್ತ ದಿಟ್ಟಿಸುವ ಕಣ್ಣುಗಳು. ಸ್ತನ ಕ್ಯಾನ್ಸರಿನಿಂದ ನಮ್ಮನ್ನು ಬಿಡಿಸಲು ಅದು ನಮ್ಮ ನೋವು ಹೊರುತ್ತೆ. ಕ್ರಿಸ್ತನಿಗೆ ಸತ್ತು ಮತ್ತೆ ಎದ್ದ ಮೂರನೇ ದಿನ ಇತ್ತು, ಇಲಿಗೆ ಮುಂದಿನ ಬ್ಯಾಚ್ ಅಷ್ಟೇ. ಪ್ರಯೋಗ ನಿಲ್ಲಿಸಿ ಅಂತ ಹ್ಯಾರವೇ ಸುಲಭಕ್ಕೆ ತೀರ್ಪು ಕೊಡಲ್ಲ. ಈ ಬಲಿಯಿಂದ ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ ಅಂತ ಲೆಕ್ಕ ಕೇಳುತ್ತಾಳೆ.

ಪ್ರಣಾಳಿಕೆಯ ಕೊನೆ ಸಾಲಿನಲ್ಲಿ ಮಾತ್ರ ಸ್ವಲ್ಪ ತಡೆದು ನಿಲ್ಲು. ಹೆಣ್ಣುದೇವತೆಯಾಗೋದಕ್ಕಿಂತ ಸೈಬಾರ್ಗ್ ಆಗೋದೇ ಲೇಸು ಅಂತಾಳೆ. ಅಷ್ಟೂ ಪುಟ ಮನುಷ್ಯ-ಯಂತ್ರ, ಪ್ರಕೃತಿ-ಸಂಸ್ಕೃತಿ ಅನ್ನೋ ದ್ವಂದ್ವಗಳನ್ನು ಒಡೆದವಳು ಇಲ್ಲಿ ಮತ್ತೆ ಎರಡರಲ್ಲಿ ಒಂದನ್ನು ಆರಿಸಿದ್ದೇಕೆ? ಬ್ರಿಟನ್ನಿನ ದೈವಶಾಸ್ತ್ರಜ್ಞೆ ಎಲೇನ್ ಗ್ರಹಾಂ 1999ರಲ್ಲಿ ಕೈಹಾಕಿದ್ದು ಈ ತಕರಾರಿಗೇ. ನನಗಂತೂ ಗ್ರಹಾಂ ಕಡೆಯೇ ನ್ಯಾಯ ಕಾಣುತ್ತೆ. ಓದಿ ನಿನ್ನ ವಾದ ಬರಿ.

ನಿನ್ನ ಗೆಳೆಯ