ಬ್ರೇಕ್ ಸ್ವಿಚ್ ಶಾರ್ಟ್ ಮಾಡುವುದು ರಿಪೇರಿಯಲ್ಲ

ಸಂಪಾದಕರಿಗೆ,

ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವ ಹಳೆಯ ಕಾರುಗಳಲ್ಲಿ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತದೆಯೇ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ) ಕೈಕೊಟ್ಟರೆ, ಬ್ರೇಕ್ ಪೆಡಲ್ ಮೇಲಿನ ಸ್ವಿಚ್‌ನ ಎರಡು ವೈರು ಸೇರಿಸಿ ಟೇಪ್ ಸುತ್ತಿ ‘ಸರಿಹೋಯ್ತು’ ಎಂದು ಕಳಿಸುವುದುಂಟು. ಇದು ಅಪಾಯದ ಕೆಲಸ.

ಈ ಸ್ವಿಚ್‌ಗೆ ಸಾಮಾನ್ಯವಾಗಿ ನಾಲ್ಕು ವೈರು, ಎರಡು ಜೋಡಿ. ಪೆಡಲ್ ಒತ್ತಿದಾಗ ಒಂದು ಜೋಡಿ ಕೂಡಿಕೊಂಡು ಬ್ರೇಕ್ ಲೈಟ್ ಹೊತ್ತಿಸುತ್ತದೆ; ಇನ್ನೊಂದು ಬಿಟ್ಟುಕೊಂಡು ಕ್ರೂಸ್ ಕಡಿಯುತ್ತದೆ. ಎರಡನೆಯದನ್ನು ಶಾರ್ಟ್ ಮಾಡಿದ ಮೇಲೆ ಬ್ರೇಕ್ ಲೈಟಿನ ಫ್ಯೂಸೂ ಹೋಯಿತೆನ್ನಿ: ಬ್ರೇಕ್ ಲೈಟಿನ ವೈರಿನಿಂದಲೂ ಕ್ರೂಸ್‌ಗೆ ಸುದ್ದಿ ಮುಟ್ಟದೆ, ಬ್ರೇಕ್ ಒತ್ತಿದರೂ ಎಂಜಿನ್ ಎಳೆಯುತ್ತಲೇ ಇರಬಹುದು.

ಅಸಲಿ ದೋಷ ಬಹುಪಾಲು ಚಿಲ್ಲರೆ ದುಡ್ಡಿನದು. ಪೆಡಲ್ ತೋಳಿನ ತೂತಿನಲ್ಲಿ ಒಂದು ಪುಟ್ಟ ರಬ್ಬರ್ ಅಥವಾ ಪ್ಲಾಸ್ಟಿಕ್ ಗುಂಡಿ ಇರುತ್ತದೆ. ವರ್ಷಗಳಾದಂತೆ ಅದು ಪುಡಿಯಾಗಿ ಉದುರುತ್ತದೆ. ಆಗ ಸ್ವಿಚ್‌ನ ಕಡ್ಡಿ ತೂತಿನೊಳಗೆ ತೂರಿ, ಪೆಡಲ್ ಸದಾ ಒತ್ತಿಯೇ ಇದೆ ಎಂದು ಸ್ವಿಚ್ ತಿಳಿಯುತ್ತದೆ. ಬ್ರೇಕ್ ಲೈಟ್ ಆರುವುದಿಲ್ಲ, ಕ್ರೂಸ್ ಹಿಡಿಯುವುದಿಲ್ಲ. ಕಾಲಡಿಯ ಮ್ಯಾಟ್ ಮೇಲೆ ಗುಂಡಿಯ ಚೂರು ಸಿಕ್ಕಿದರೆ ಮುಂದೆ ಹುಡುಕುವ ಅಗತ್ಯವೇ ಇಲ್ಲ.

ಗುಂಡಿ ಸರಿಯಿದ್ದರೆ ಸಾಕೆಟ್ ಬಿಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ (ಸಂಪರ್ಕ ಇದ್ದರೆ ಸದ್ದು ಮಾಡುವ ಸೆಟ್ಟಿಂಗ್) ಇಟ್ಟು ಸ್ವಿಚ್ ನೋಡಿ. ಪೆಡಲ್ ಬಿಟ್ಟಾಗ ಒಂದು ಜೋಡಿ ಮಾತ್ರ ಬೀಪ್ ಅನ್ನಬೇಕು, ಒತ್ತಿದಾಗ ಇನ್ನೊಂದು. ಹಾಗಾಗದಿದ್ದರೆ ಸ್ವಿಚ್ ಬದಲಿಸಿ. ಗೇರ್ ಗಾಡಿಯಾದರೆ ಕ್ಲಚ್ ಪೆಡಲ್ ಸ್ವಿಚ್ಚನ್ನೂ ನೋಡಲು ಮರೆಯಬೇಡಿ, ಅದೂ ಕ್ರೂಸ್ ಕಡಿಯುತ್ತದೆ. ಮಲೆನಾಡಿನ ಥಂಡಿಗೆ ಸಾಕೆಟ್ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುವುದೂ ಸಾಮಾನ್ಯ. ಕೆಲವು ಹಳೆಯ ಮಾದರಿಗಳಲ್ಲಿ ಬ್ರೇಕ್ ಬಲ್ಬಿನ ಮೂಲಕವೇ ಕ್ರೂಸ್‌ಗೆ ಅರ್ತ್ ಸಿಗುತ್ತದೆ. ಅಂಥ ಗಾಡಿಗಳಲ್ಲಿ ಬ್ರೇಕ್ ಬಲ್ಬುಗಳೆಲ್ಲ ಹೋದರೂ, ಚಂದಕ್ಕೆಂದು ಎಲ್‌ಇಡಿ ಹಾಕಿಸಿದರೂ ಕ್ರೂಸ್ ನಿಲ್ಲಬಹುದು.

ಡ್ಯಾಶ್‌ಬೋರ್ಡಿನಲ್ಲಿ ಕ್ರೂಸ್ ದೀಪವೇ ಬಾರದಿದ್ದರೆ ಮೊದಲು ಫ್ಯೂಸ್. ಅದರ ಜತೆಗೆ ಹಾರ್ನ್ ಸತ್ತು, ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ತಿರುಗಿದರೂ ಸಂಪರ್ಕ ಕಡಿಯದಂತೆ ಇಡುವ ಸುರುಳಿ ವೈರು) ತುಂಡಾಗಿರಬಹುದು. ಇದು ಮನೆಯಲ್ಲಿ ಕೈಹಾಕುವ ಕೆಲಸವಲ್ಲ. ಏರ್‌ಬ್ಯಾಗ್ ಬಿಚ್ಚುವ ಮುನ್ನ ಬ್ಯಾಟರಿ ಕಳಚಿ ಕೆಲವು ನಿಮಿಷ ಕಾಯಬೇಕಾಗುತ್ತದೆ. ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿದ್ದರೆ ಸ್ಪೀಡ್ ಸೆನ್ಸರ್ ಮೇಲೆ ಅನುಮಾನಪಡಿ. ಅಂದಹಾಗೆ, ಹೆಚ್ಚಿನ ಗಾಡಿಗಳಲ್ಲಿ ಸುಮಾರು 40 ಕಿ.ಮೀ. ವೇಗದ ಕೆಳಗೆ ಕ್ರೂಸ್ ಹಿಡಿಯುವುದೇ ಇಲ್ಲ. 30ರಲ್ಲಿ ಬಟನ್ ಒತ್ತಿ ಕೆಟ್ಟಿದೆ ಎನ್ನಬೇಡಿ.

ಕ್ರೂಸ್ ವ್ಯಾಕ್ಯೂಮ್‌ನಿಂದ (ಎಂಜಿನ್ ಗಾಳಿ ಎಳೆಯುವಾಗ ಉಂಟಾಗುವ ನಿರ್ವಾತ) ಕೆಲಸ ಮಾಡುವ ಹಳೆಯ ಪೆಟ್ರೋಲ್ ಕಾರುಗಳ ಕಾಯಿಲೆ ಬೇರೆ. ಸಮತಟ್ಟಿನಲ್ಲಿ ಸರಿಯಾಗಿ ಓಡಿ, ಉದ್ದದ ಏರಿನಲ್ಲಿ ವೇಗ ಬಿಟ್ಟುಕೊಡುತ್ತದೆ. ಏರಿನಲ್ಲಿ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಹೆಚ್ಚು ತೆರೆದಂತೆ ಎಂಜಿನ್ನಿನ ವ್ಯಾಕ್ಯೂಮ್ ಇಳಿಯುತ್ತದೆ. ಆಗ ನೆರವಿಗೆ ಬರಬೇಕಾದದ್ದು ಕೂಡಿಟ್ಟ ವ್ಯಾಕ್ಯೂಮ್. ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಸೋರಿದ್ದರೆ, ಪೈಪ್ ಬಿರುಕುಬಿಟ್ಟಿದ್ದರೆ ಅದು ಇರುವುದಿಲ್ಲ. ಕಾಫಿ ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಈ ಪೈಪನ್ನು ಇಲಿ ಕಡಿದಿರುವುದೂ ಉಂಟು. ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟು ನೋಡಿ; ಪಂಪಿನ ಮೀಟರಿನ ಮುಳ್ಳು ನಿಲ್ಲದೆ ಇಳಿದರೆ ಆ ಭಾಗ ಸೋರುತ್ತಿದೆ.

ಹಿಂದೆ ಯಾರೋ ರಿಪೇರಿ ಮಾಡಿದ ಗಾಡಿ ಕೊಂಡವರು ಒಮ್ಮೆ ಟಾರ್ಚ್ ಹಿಡಿದು ಬ್ರೇಕ್ ಪೆಡಲಿನ ಮೇಲ್ತುದಿ ನೋಡಿ. ಟೇಪ್ ಸುತ್ತಿದ ಜಾಯಿಂಟ್ ಕಂಡರೆ ಅದನ್ನು ಬಿಚ್ಚಿಸಿ ಹೊಸ ಸ್ವಿಚ್ ಹಾಕಿಸುವವರೆಗೆ ಕ್ರೂಸ್ ಬಟನ್ ಮುಟ್ಟಬೇಡಿ.

— ಒಬ್ಬ ಆಟೋ ಎಲೆಕ್ಟ್ರಿಷಿಯನ್, ಹಾಸನ