ಕಡಲ ತಳದ ಕೆಸರಿಗೆ ಒಂದು ತಣ್ಣನೆಯ ಕೋಣೆ ಬೇಕು

ಮಾನ್ಯ ಸಂಪಾದಕರೇ,

ಸಮುದ್ರಯಾನ, ಮನುಷ್ಯರನ್ನು ಸಾಗರದಾಳಕ್ಕೆ ಒಯ್ಯುವ ಮತ್ಸ್ಯ-6000 ನೌಕೆ, ಸಾಗರತಳದ ಲೋಹದ ಗಂಟುಗಳು ಅಂತ ಪತ್ರಿಕೆಗಳಲ್ಲಿ ಈಗ ಆಗಾಗ ಸುದ್ದಿ ಬರುತ್ತದೆ. ಓದಿ ಖುಷಿಯಾಗುತ್ತದೆ. 2021ರಲ್ಲಿ ಕೇಂದ್ರ ಸಂಪುಟ ಆಳ ಸಾಗರ ಯೋಜನೆಗೆ 4,077 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಆದರೆ ನಮ್ಮ ಹಡಗುಗಳು ದಶಕಗಳಿಂದ ತರುತ್ತಿರುವ ಇನ್ನೊಂದು ವಸ್ತುವಿದೆ, ಕೆಸರು. ದಡ ಸೇರಿದ ಮೇಲೆ ಅದರ ಗತಿ ಏನು ಅಂತ ಕೇಳುವವರು ಕಡಿಮೆ. ಅದಕ್ಕೇ ಈ ಪತ್ರ.

ನಾನು ಬೆಂಗಳೂರಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಸಂಶೋಧನೆಯ ವರ್ಷಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಕೆಸರು ತೆಗೆಯುವ ತಂಡದ ಜೊತೆ ಹಡಗಿನಲ್ಲಿ ದುಡಿದಿದ್ದೇನೆ. ಆ ಕೆಲಸ ಹೇಗಿರುತ್ತದೆ ಅಂತ ಓದುಗರಿಗೆ ಸ್ವಲ್ಪ ಹೇಳಬೇಕು.

ಕೋರರ್ ಅಂದರೆ ಉದ್ದನೆಯ ಉಕ್ಕಿನ ಕೊಳವೆ. ಅದರ ತಲೆಯ ಮೇಲೆ ನೂರಾರು ಕಿಲೋ ಸೀಸದ ಭಾರ, ಹೊಟ್ಟೆಯೊಳಗೆ ಪಿವಿಸಿ ಪೈಪು. ಕೆಳಬಾಯಲ್ಲಿ ಒಳಕ್ಕೆ ಬಾಗಿದ ಲೋಹದ ಪಟ್ಟಿಗಳಿರುತ್ತವೆ, ಒಳಗೆ ಹೋದ ಕೆಸರು ಜಾರಿ ಹೋಗದಿರಲಿ ಅಂತ. ಇದನ್ನು ವಿಂಚಿನ ತಂತಿಗೆ ಕಟ್ಟಿ ನೀರಿಗೆ ಇಳಿಸುತ್ತಾರೆ. ಮೂರು ಸಾವಿರ ಮೀಟರ್ ಆಳವಿದ್ದರೆ, ಸೆಕೆಂಡಿಗೆ ಒಂದು ಮೀಟರ್ ಬಿಟ್ಟರೂ ತಳ ಮುಟ್ಟಲು ಮುಕ್ಕಾಲು ಗಂಟೆಗೂ ಮೇಲೆ ಬೇಕು. ಎಲ್ಲರ ಕಣ್ಣೂ ತಂತಿಯ ಎಳೆತ ತೋರಿಸುವ ಮೀಟರ್ ಮೇಲೆ. ಮುಳ್ಳು ತಟ್ಟನೆ ಇಳಿದರೆ ಕೊಳವೆ ತಳಕ್ಕೆ ನಾಟಿದೆ ಎಂದರ್ಥ. ವಾಪಸ್ ಎಳೆಯುವಾಗ ಅದೇ ಮುಳ್ಳು ಏರುತ್ತಾ ಹೋಗುತ್ತದೆ, ಕೆಸರು ಕೊಳವೆಯನ್ನು ಬಿಟ್ಟಾಗ ಒಮ್ಮೆಲೇ ಬೀಳುತ್ತದೆ. ಆಮೇಲೆ ಮತ್ತೆ ಅಷ್ಟೇ ಹೊತ್ತು ಕಾಯಬೇಕು. ಕೆಲವು ಸಲ ಕೊಳವೆ ಬಾಗಿ ಬರುತ್ತದೆ, ಕೆಲವು ಸಲ ಖಾಲಿ ಬರುತ್ತದೆ.

ಡೆಕ್ ಮೇಲೆ ಬಿಸಿಲಿಗೆ ಕಬ್ಬಿಣ ಮುಟ್ಟಲಾಗದಷ್ಟು ಸುಡುತ್ತಿರುವಾಗ, ಆ ಪೈಪು ಮಾತ್ರ ಐಸಿನಷ್ಟು ತಣ್ಣಗಿರುತ್ತದೆ. ಪೈಪನ್ನು ಒಂದೊಂದು ಮೀಟರ್ ತುಂಡು ಮಾಡಿ, ಎರಡೂ ತುದಿಗೆ ಮುಚ್ಚಳ ಹಾಕಿ, ಟೇಪು ಸುತ್ತಿ, ಮೇಲಿನ ತುದಿ ಯಾವುದು ಅಂತ ಬಾಣದ ಗುರುತು ಹಾಕುತ್ತೇವೆ. ಪೈಪಿನೊಳಗಿನ ಈ ಕೆಸರಿನ ಕಂಬಕ್ಕೇ ಕೋರ್ ಅನ್ನುವುದು. ಕೋರ್ ಸಂಖ್ಯೆ, ಅಕ್ಷಾಂಶ, ರೇಖಾಂಶ, ನೀರಿನ ಆಳ ಎಲ್ಲವನ್ನೂ ಪೈಪಿನ ಮೇಲೇ ಬರೆಯುತ್ತೇವೆ. ಕೆಳಗೆ ಹೋದಷ್ಟೂ ಕೆಸರು ಹಳೆಯದು, ಮೇಲು ಕೆಳಗಾದರೆ ಕಾಲವೇ ತಲೆಕೆಳಗಾಗುತ್ತದೆ. ತೀರಾ ಮೇಲಿನ ಪದರ ತೆಳುವಾದ ರಾಗಿ ಅಂಬಲಿಯ ಹಾಗಿರುತ್ತದೆ. ಭಾರದ ಕೊಳವೆ ಬಡಿದಾಗ ಅದು ಚದುರಿ ಹೋಗುವುದೇ ಹೆಚ್ಚು. ಹಾಗಾಗಿ ಅದೊಂದನ್ನು ಹಿಡಿಯಲೆಂದೇ ಬಾಕ್ಸ್ ಕೋರರ್, ಮಲ್ಟಿಕೋರರ್ ಅಂತ ಬೇರೆ ಉಪಕರಣಗಳಿವೆ.

ಬೆಂಗಳೂರಿನಲ್ಲಿ ಕಡಲೇ ಇಲ್ಲ, ನಮಗ್ಯಾಕೆ ಇದು ಅಂತ ನನ್ನ ವಿದ್ಯಾರ್ಥಿಗಳೇ ಕೇಳುತ್ತಾರೆ. ಕೃಷ್ಣರಾಜಸಾಗರ ತುಂಬಿಸುವ ಮುಂಗಾರು ಬರುವುದು ಅರಬ್ಬಿ ಸಮುದ್ರ ದಾಟಿಕೊಂಡೇ ಅಲ್ವಾ? ಆಳ ಸಮುದ್ರದ ತಳದಲ್ಲಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಕೆಸರು ಕೂರುತ್ತದೆ. ಅದರೊಳಗೆ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪುಗಳಿರುತ್ತವೆ. ಮರಳಿನ ಕಣದಷ್ಟು ಸಣ್ಣವು. 63 ಮೈಕ್ರಾನ್ ಜರಡಿಯಲ್ಲಿ ಕೆಸರು ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಬ್ರಷ್ಷಿನಿಂದ ಒಂದೊಂದೇ ಆರಿಸಬೇಕು. ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ಜಾತಿ ಪಶ್ಚಿಮ ಅರಬ್ಬಿ ಸಮುದ್ರದ ಒಂದು ಪದರದಲ್ಲಿ ಜಾಸ್ತಿ ಸಿಕ್ಕರೆ, ಆ ಕಾಲದಲ್ಲಿ ಮುಂಗಾರು ಗಾಳಿ ಜೋರಾಗಿತ್ತು ಅಂತ ಲೆಕ್ಕ. ಗಾಳಿ ಜೋರಾದಷ್ಟೂ ಆಳದ ತಣ್ಣೀರು ಮೇಲೆದ್ದು ಬರುತ್ತದೆ, ಈ ಜೀವಿಗೆ ಅದೇ ಹಿತ. ನಮ್ಮ ಮಳೆಮಾಪಕಗಳ ದಾಖಲೆ ಇನ್ನೂರು ವರ್ಷ ಹಿಂದೆ ಹೋದರೆ ಹೆಚ್ಚು. ಕೆಸರು ಲಕ್ಷ ವರ್ಷ ಹಿಂದೆ ಹೋಗುತ್ತದೆ.

ಈಗ ನನ್ನ ಮುಖ್ಯ ಮಾತು. ಪ್ರಯೋಗಾಲಯದಲ್ಲಿ ಕೋರನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡುತ್ತಾರೆ. ಒಂದು ಹೋಳು ಕೆಲಸಕ್ಕೆ, ಇನ್ನೊಂದು ಮುಂದಿನವರಿಗೆ. ಆ ಎರಡನೆಯದನ್ನು ಸುಮಾರು 4 ಡಿಗ್ರಿ ತಂಪಿನಲ್ಲಿ, ತೇವ ಆರದಂತೆ ಇಡಬೇಕು. ಭೂಮಿಯ ಕಕ್ಷೆಯ ಬದಲಾವಣೆಗೂ ಹಿಮಯುಗಗಳಿಗೂ ಇರುವ ನಂಟನ್ನು 1976ರಲ್ಲಿ ವಿಜ್ಞಾನಿಗಳಾದ ಹೇಸ್, ಇಂಬ್ರಿ ಮತ್ತು ಶ್ಯಾಕಲ್‌ಟನ್ ಗಟ್ಟಿಯಾಗಿ ತೋರಿಸಿದ್ದು ದಕ್ಷಿಣ ಹಿಂದೂ ಮಹಾಸಾಗರದ ಎರಡು ಕೋರ್‌ಗಳಿಂದ. ಅವರೇನೂ ಅದಕ್ಕಾಗಿ ಹೊಸ ಹಡಗು ಕಳಿಸಲಿಲ್ಲ. ಬೇರೆಯವರು ಮೊದಲೇ ತೆಗೆದು ಅಮೆರಿಕದಲ್ಲಿ ಜೋಪಾನವಾಗಿ ಇಟ್ಟಿದ್ದ ಕೆಸರು ಅದು. 2014–15ರಲ್ಲಿ ಅಂತರರಾಷ್ಟ್ರೀಯ ಕೊರೆತದ ಹಡಗೊಂದು ಬಂಗಾಳ ಕೊಲ್ಲಿಯಲ್ಲೂ ಅರಬ್ಬಿ ಸಮುದ್ರದಲ್ಲೂ ತೆಗೆದ ಕೋರ್‌ಗಳು ಇವತ್ತು ಜಪಾನಿನ ಕೋಚಿ ನಗರದಲ್ಲಿವೆ. ಯಾರು ಬೇಕಾದರೂ ಅರ್ಜಿ ಹಾಕಿ ಮಾದರಿ ಕೇಳಬಹುದು.

ಇಲ್ಲಿ ನಾನು ಕಂಡದ್ದೇ ಬೇರೆ. ನಾನು ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಶೀತಲ ಕೋಣೆಯ ಕಂಪ್ರೆಸರ್ ಕೆಟ್ಟಿತು. ಯೋಜನೆ ಮುಗಿದಿತ್ತು, ರಿಪೇರಿಗೆ ಯಾವ ಲೆಕ್ಕದಿಂದ ದುಡ್ಡು ಕೊಡುವುದು ಅಂತ ಕಡತ ಓಡಾಡುತ್ತಲೇ ಒಂದು ಬೇಸಿಗೆ ಕಳೆಯಿತು. ಕೊನೆಗೆ ಮುಚ್ಚಳ ತೆಗೆದಾಗ ಕೆಸರು ಕುಗ್ಗಿ, ಪೈಪಿನ ಗೋಡೆ ಬಿಟ್ಟು, ಅಡ್ಡಡ್ಡ ಬಿರಿದಿತ್ತು. ಮೇಲೆಲ್ಲ ಬಿಳಿ ಹರಳು. ಕೆಸರಿನಲ್ಲಿರುವ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ ಪೈರೈಟ್‌ಗೆ ಗಾಳಿ ತಾಗಿದರೆ ಆಮ್ಲವಾಗುತ್ತದೆ, ಆ ಆಮ್ಲ ಸುಣ್ಣದ ಚಿಪ್ಪನ್ನು ತಿಂದು ಜಿಪ್ಸಮ್ ಹರಳು ಕಟ್ಟುತ್ತದೆ. ನಾವು ಹುಡುಕುವ ಚಿಪ್ಪೇ ಕರಗಿ ಹೋದ ಮೇಲೆ ಉಳಿದದ್ದು ಬರೀ ಮಣ್ಣು. ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. ಹಡಗು ಒಂದು ದಿನ ಕಡಲಲ್ಲಿರಲು ಲಕ್ಷಗಟ್ಟಲೆ ಖರ್ಚು. ಅದರ ಮುಂದೆ ಕಂಪ್ರೆಸರ್ ರಿಪೇರಿಯ ದುಡ್ಡು ಯಾವ ಲೆಕ್ಕ?

ಹಡಗಿನ ಪ್ರತಿ ಯಾನದ ಮಂಜೂರಾತಿಯಲ್ಲೇ ಕೋರ್‌ಗಳನ್ನು ಕಾಯುವ ಖರ್ಚನ್ನೂ ಸೇರಿಸಬೇಕು. ಅದು ಯೋಜನೆ ಮುಗಿದ ಮೇಲೂ ನಡೆಯುವಂತಿರಬೇಕು. ಇನ್ನೊಂದು, ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಮುಂಗಾರಿನ ಅಧ್ಯಯನ ಇಷ್ಟು ಗಟ್ಟಿಯಾಗಿ ನಡೆಯುವ ಊರಿದು. ಜನರೇಟರ್ ಇರುವ, ಸಣ್ಣ ಸಂಸ್ಥೆಗಳೂ ತಮ್ಮ ಕೋರ್ ತಂದಿಡಬಹುದಾದ ಒಂದು ಸಾಮೂಹಿಕ ಶೀತಲ ಸಂಗ್ರಹಾಲಯ ಇಲ್ಲಿರಲಿ. ರಾಜ್ಯ ಸರ್ಕಾರ ಜಾಗ ಕೊಡಲಿ, ಕೇಂದ್ರದ ಭೂ ವಿಜ್ಞಾನ ಸಚಿವಾಲಯ ಹಣ ಕೊಡಲಿ. ಅಲ್ಲಿ ಯಾವ ಕೋರ್ ಇದೆ, ಎಲ್ಲಿಂದ ಬಂದದ್ದು, ಎಷ್ಟು ಉಳಿದಿದೆ ಎಂಬ ಪಟ್ಟಿಯನ್ನು ಕನ್ನಡದಲ್ಲೂ ಪ್ರಕಟಿಸಲಿ. ತುಮಕೂರಿನ ಎಂ.ಎಸ್ಸಿ. ಹುಡುಗಿಯೊಬ್ಬಳಿಗೆ ಕಾರವಾರದ ಕಡಲ ಕೆಸರು ಹತ್ತು ಗ್ರಾಂ ಬೇಕಾದರೆ ಯಾರಿಗೆ ಅರ್ಜಿ ಬರೆಯಬೇಕು ಅಂತ ಆ ಪಟ್ಟಿ ನೋಡಿದರೆ ಗೊತ್ತಾಗುವಂತಿರಲಿ.

ಇಂತಿ,
ಭೂವಿಜ್ಞಾನ ಅಧ್ಯಾಪಕಿ,
ಬಸವನಗುಡಿ, ಬೆಂಗಳೂರು