ಗೆರೆಯಾಚೆಗಿನ ರೋಗಿ

ಚಿಕ್ಕಮಗಳೂರು

ಚಿ. ಮೇಧಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಹೃದಯದ ಲಯದೋಷಗಳ ಕುರಿತು ಸಂಶೋಧನೆಗೆ ಸೇರಿರುವೆಯೆಂದು ನಿನ್ನ ಅಪ್ಪನಿಂದ ತಿಳಿದು ಸಂತೋಷವಾಯಿತು. ಈ ಊರಿನಲ್ಲಿ ಬಹುಕಾಲ ವೈದ್ಯವೃತ್ತಿ ನಡೆಸಿದವನಾಗಿ ಒಂದು ಮಾತು ಹೇಳುತ್ತೇನೆ: ಇ.ಸಿ.ಜಿ. ಗೆರೆ ಸರಿಹೋದ ಮಾತ್ರಕ್ಕೆ ಚಿಕಿತ್ಸೆ ಫಲಿಸಿತೆಂದು ಬರೆಯಬೇಡ.

ಲಯದೋಷ ಅಡಗಿಸುವ ಮಾತ್ರೆಗಳನ್ನು ರೋಗಿಗಳ ಮೇಲೆ ಒರೆಗೆ ಹಚ್ಚಿದ ‘ಕಾಸ್ಟ್’ ಎಂಬ ಔಷಧ ಪರೀಕ್ಷೆಯ ವರದಿಯನ್ನು ಮೊದಲು ಓದು. ಹೃದಯಾಘಾತವಾದವರಲ್ಲಿ ಹೃತ್ಕುಕ್ಷಿಯಿಂದ (ಹೃದಯದ ಕೆಳಗಿನ ಕೋಣೆಯಿಂದ) ಹೆಚ್ಚುವರಿ ಬಡಿತಗಳು ಏಳುತ್ತಿದ್ದರೆ ಹಠಾತ್ ಸಾವಿನ ಸಂಭವ ಹೆಚ್ಚು, ಆದ್ದರಿಂದ ಅವುಗಳನ್ನು ಅಡಗಿಸಿದರೆ ಜೀವ ಉಳಿಯಬೇಕು ಎಂಬುದು 1980ರ ದಶಕದ ತರ್ಕವಾಗಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆಗಳು ಆ ಬಡಿತಗಳನ್ನು ಸೊಗಸಾಗಿಯೇ ಅಡಗಿಸಿದವು. ಆದರೆ 1991ರ ವರದಿಯಂತೆ ಅವುಗಳನ್ನು ನುಂಗಿದ 755 ಮಂದಿಯಲ್ಲಿ 63 ಜನ ಸತ್ತರು, ಔಷಧಗುಣವಿಲ್ಲದ ಮಾತ್ರೆ ಪಡೆದ 743 ಮಂದಿಯಲ್ಲಿ ಸತ್ತವರು 26 ಜನ ಮಾತ್ರ. ಕಲೆಗಟ್ಟಿದ ಹೃದಯದಲ್ಲಿ ವಿದ್ಯುತ್ತಿನ ಸಾಗಾಟವನ್ನು ಇಂಥ ಔಷಧ ನಿಧಾನಗೊಳಿಸಿದಾಗ, ಒಂದೇ ಅಲೆ ಕಲೆಯ ಸುತ್ತ ಸುತ್ತಿ ಬಂದು ಮತ್ತೆ ಮತ್ತೆ ಹೊಡೆಯಲು ದಾರಿಯಾಗುತ್ತದೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಅಷ್ಟು ನೇರವಾದ ತರ್ಕವನ್ನು ಪರೀಕ್ಷೆಗೆ ಒಡ್ಡಿದವರ ಧೈರ್ಯ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಓದಬೇಕಾದ ಇನ್ನೊಂದು ಅಧ್ಯಯನ ನಮ್ಮ ಕಡೆಗೆ ಹೆಚ್ಚು ಹತ್ತಿರದ್ದು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು, ಹೃತ್ಕರ್ಣ (ಹೃದಯದ ಮೇಲಿನ ಕೋಣೆ) ಲಯತಪ್ಪಿ ಕಂಪಿಸುವವರಿಗೆ ರಕ್ತ ಹೆಪ್ಪುಗಟ್ಟದಂತೆ ಔಷಧ ಬೇಕು. ಪದೇಪದೇ ರಕ್ತಪರೀಕ್ಷೆ ಬೇಡುವ ವಾರ್ಫರಿನ್‌ಗಿಂತ, ಅದು ಬೇಕಿಲ್ಲದ ರಿವರಾಕ್ಸಬಾನ್ ಇವರಿಗೂ ಅನುಕೂಲವಾದೀತೆಂಬ ನಿರೀಕ್ಷೆಯಿತ್ತು. ಭಾರತವೂ ಸೇರಿ 24 ದೇಶಗಳ 4,531 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ, ವಾರ್ಫರಿನ್ ಬಗೆಯ ಔಷಧ ಪಡೆದವರಲ್ಲೇ ಸಾವು ಕಡಿಮೆಯಿತ್ತು, ರಕ್ತಸ್ರಾವವೂ ಹೆಚ್ಚಿರಲಿಲ್ಲ. ಅನ್ಯ ಕಾರಣಗಳಿಂದ ಲಯ ತಪ್ಪಿದವರಲ್ಲಿ ರಿವರಾಕ್ಸಬಾನ್ ಕೊಟ್ಟ ಫಲಿತಾಂಶವನ್ನು ಇವರಿಗೆ ಹಾಗೆಯೇ ಅನ್ವಯಿಸಲಾಗದೆಂಬುದು ಇದರಿಂದ ಸ್ಪಷ್ಟವಾಯಿತು.

ಎರಡೂ ಕಡೆ ಸತ್ಯ ತಿಳಿದದ್ದು ಬದುಕಿದವರ, ಸತ್ತವರ ಲೆಕ್ಕದಿಂದ. ಆದುದರಿಂದ ಪ್ರಬಂಧದ ವಿಷಯವನ್ನು ನಿಶ್ಚಯಿಸುವ ಮುನ್ನ, ಮರುತಪಾಸಣೆಗೆ ಬಾರದವರನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದೆಂದು ನಿನ್ನ ಮಾರ್ಗದರ್ಶಕರನ್ನು ಕೇಳು, ಏಕೆಂದರೆ ಅವರಲ್ಲಿ ಕೆಲವರು ಗುಣವಾಗಿ ಮನೆಯಲ್ಲಿರಬಹುದು, ಕೆಲವರು ತೀರಿಕೊಂಡೂ ಇರಬಹುದು. ಮೂಡಿಗೆರೆ, ಕಳಸದ ಕಡೆಯ ರೋಗಿಗಳನ್ನು ಸೇರಿಸಿಕೊಳ್ಳುವುದಾದರೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತಪಾಸಣೆಯ ದಿನ ಗೊತ್ತುಮಾಡಬೇಡ. ಆಗ ತೋಟದ ಕೂಲಿ ಬಿಟ್ಟು ಬರುವುದು ಅವರಿಗೆ ಕಷ್ಟ.

ಇಂತು,
ನಿನ್ನ ದೊಡ್ಡಪ್ಪ